ಹು, ಯೋ, ರಿ: ಕ್ಯಾನ್ಸರ್ ಸುದ್ದಿ ನರಕ್ಕೆ ಮೊದಲು ಮುಟ್ಟಿದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಜಮಖಂಡಿ ತಾಲ್ಲೂಕಿನ ಹುನ್ನೂರದಿಂದ ಮಾತಾಡ್ತಾ ಇದ್ದೀನಿ. ಹಿಂದಿನ ಸಂಚಿಕೆಗಳಲ್ಲಿ ಸಂಸ್ಥಾನ, ಸಕ್ಕರೆ, ನೇಕಾರಿಕೆ ಅಂತ ನಮ್ಮ ಭಾಗದ ಇತಿಹಾಸ ಹೇಳಿದ್ದೆ. ಇವತ್ತಿನದು ಒಂದು ರೋಗದ ಇತಿಹಾಸ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ಬಿ.ಕಾಂ. ಓದಿದವ. ಔಷಧಿ ಹೇಳೋ ಕೆಲಸ ನನ್ನದಲ್ಲ. ಕಥೆ ಹೇಳೋದು ಮಾತ್ರ ನನ್ನ ಕೆಲಸ.

ದೊಡ್ಡ ನರರೋಗ ಆಸ್ಪತ್ರೆಗಳಲ್ಲಿ ಒಂದು ರಕ್ತಪರೀಕ್ಷೆ ಬರೆದುಕೊಡ್ತಾರೆ. ಅದರ ರಿಪೋರ್ಟಿನಲ್ಲಿ ಸಾಲಾಗಿ ಕೆಲವು ಹೆಸರು ಇರ್ತಾವೆ: ಆ್ಯಂಟಿ ಹು, ಆ್ಯಂಟಿ ಯೋ, ಆ್ಯಂಟಿ ರಿ. ಮುಂದೆ ಪಾಸಿಟಿವ್ ಅಥವಾ ನೆಗೆಟಿವ್. ಇದೇನು ರಾಸಾಯನಿಕದ ಹೆಸರಾ, ವಿಜ್ಞಾನಿಯ ಹೆಸರಾ ಅಂತ ನಾನೂ ಹುಡುಕಿದೆ. ಎರಡೂ ಅಲ್ಲ. ಅವು ರೋಗಿಗಳ ಹೆಸರು. ನ್ಯೂಯಾರ್ಕಿನ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮಲಗಿದ್ದ ರೋಗಿಗಳ ಅಡ್ಡಹೆಸರಿನ ಮೊದಲ ಎರಡು ಇಂಗ್ಲಿಷ್ ಅಕ್ಷರ. ನಮ್ಮೂರ ಹೆಸರೂ ‘ಹು’ದಿಂದಲೇ ಶುರುವಾಗ್ತದೆ ಅನ್ನೋದು ಬರೀ ಕಾಕತಾಳೀಯ. ಆದರೆ ಆ ಎರಡಕ್ಷರ ನನ್ನ ಕಣ್ಣಿಗೆ ಬಿದ್ದದ್ದು ನಮ್ಮ ಮನೆಯ ಒಂದು ಫೈಲಿನಲ್ಲೇ. ಅದಕ್ಕೆ ಮುಂದೆ ಬರ್ತೀನಿ.

ಇವತ್ತಿನ ಪ್ರಶ್ನೆ ಇಷ್ಟೇ. ಕಾಲಿನಲ್ಲಿ ಶಕ್ತಿ ಇಲ್ಲ, ನಡೆದರೆ ತೂರಾಡ್ತಾನೆ, ಕೈ ಜುಮುಜುಮು ಅಂತದೆ ಅಂತ ಬಂದ ಮನುಷ್ಯನ ಎದೆಯಲ್ಲಿ ಕ್ಯಾನ್ಸರ್ ಹುಡುಕಬೇಕು ಅಂತ ವೈದ್ಯಲೋಕಕ್ಕೆ ಹೊಳೆದದ್ದು ಯಾವಾಗ? ಹೊಳೆದ ಆ ಮಾತು ನಮ್ಮಂಥ ಊರಿಗೆ ಮುಟ್ಟಿತೇ?

ಒಂದೇ ಹೆಸರಿನ ಎರಡು ಖಾತೆ

ಕ್ಯಾನ್ಸರ್ ನರಕ್ಕೆ ತೊಂದರೆ ಕೊಡೋ ದಾರಿ ಸಾಮಾನ್ಯವಾಗಿ ನಮಗೆ ಗೊತ್ತಿರೋದೇ. ಗಂಟು ಬೆಳೆದು ನರವನ್ನು ಒತ್ತಬಹುದು. ಮೆದುಳಿಗೆ, ಬೆನ್ನುಹುರಿಗೆ ಹರಡಬಹುದು. ಕಿಮೋಥೆರಪಿಯಿಂದಲೂ ಕೈಕಾಲು ಜೋಮು ಹಿಡಿಯಬಹುದು. ಇವತ್ತಿನ ವಿಷಯ ಇದ್ಯಾವುದೂ ಅಲ್ಲ. ಇಲ್ಲಿ ಗಂಟು ಎದೆಯಲ್ಲೋ ಅಂಡಾಶಯದಲ್ಲೋ ಸಣ್ಣದಾಗಿ ಕೂತಿರ್ತದೆ. ನರವನ್ನು ಅದು ಮುಟ್ಟಿರೋದೇ ಇಲ್ಲ. ಆದರೂ ನರ ಹಾಳಾಗ್ತದೆ.

ಹೆಂಗೆ ಅಂದ್ರೆ, ಕೆಲವು ಗಂಟುಗಳು ನರಕೋಶದಲ್ಲಿ ಮಾತ್ರ ಇರಬೇಕಾದ ಪ್ರೋಟೀನನ್ನು ತಾವೂ ತಯಾರಿಸ್ತಾವೆ. ದೇಹದ ರೋಗನಿರೋಧಕ ಪಡೆ ಅದನ್ನು ನೋಡಿ, ಇದು ಇಲ್ಲಿರಬೇಕಾದ ಮಾಲಲ್ಲ ಅಂತ ಗಂಟಿನ ಮೇಲೆ ದಾಳಿ ಮಾಡ್ತದೆ. ಅಲ್ಲಿವರೆಗೆ ಎಲ್ಲಾ ಸರಿ. ಆದರೆ ಅದೇ ಪ್ರೋಟೀನು ನಿಜವಾದ ನರದಲ್ಲೂ ಇದೆಯಲ್ಲ, ಅದನ್ನೂ ಹೊಡೀತದೆ. ಅಕೌಂಟ್ಸ್ ಓದಿದವರಿಗೆ ಇದು ಬೇಗ ತಿಳೀತದೆ. ಲೆಡ್ಜರಿನಲ್ಲಿ ಒಂದೇ ಹೆಸರಿನ ಎರಡು ಖಾತೆ ಇದ್ದರೆ, ಒಬ್ಬನ ಬಾಕಿಯನ್ನು ಇನ್ನೊಬ್ಬನ ಖಾತೆಗೆ ಬರೆದಂಗೆ. ಲೆಕ್ಕದ ತಪ್ಪನ್ನಾದರೆ ಮರುದಿನ ತಿದ್ದಬಹುದು. ಸತ್ತ ನರಕೋಶ ಮತ್ತೆ ಹುಟ್ಟೋದಿಲ್ಲ.

ವೈದ್ಯರು ಇದಕ್ಕೆ ‘ಪ್ಯಾರಾನಿಯೋಪ್ಲಾಸ್ಟಿಕ್’ ಅಂತಾರೆ. ಗಂಟಿನ ಪಕ್ಕದಲ್ಲಿ ನಡೆಯೋದು ಅಂತ ಅರ್ಥ ಮಾಡ್ಕೊಳ್ಳಿ. ಈ ಪದವನ್ನು ಬಳಕೆಗೆ ತಂದವರು ಫ್ರಾನ್ಸಿನ ಗಿಷಾರ್ ಮತ್ತು ವಿನ್ಯೋ ಅನ್ನೋ ವೈದ್ಯರು, 1949ರಲ್ಲಿ. ಇದು ಅಪರೂಪದ ರೋಗ. ನೂರು ಕ್ಯಾನ್ಸರ್ ರೋಗಿಗಳಲ್ಲಿ ಒಬ್ಬರಿಗೂ ಕಡಿಮೆ. ಆದರೆ ಬಂದವರಲ್ಲಿ ಹೆಚ್ಚಿನವರಿಗೆ ನರದ ತೊಂದರೆಯೇ ಮೊದಲು ಕಾಣಿಸ್ಕೋತದೆ, ಕ್ಯಾನ್ಸರ್ ಸಿಗೋದು ತಿಂಗಳುಗಳ ನಂತರ. ಅಂದ್ರೆ ಇದು ಒಂಥರಾ ಮುಂಚಿತ ಸುದ್ದಿ. ಓದೋಕೆ ಬಂದರೆ ಜೀವ ಉಳಿಸೋ ಸುದ್ದಿ.

ಏನೂ ಸಿಗದ ಶವಪರೀಕ್ಷೆ

ಕ್ಯಾನ್ಸರ್ ದೂರದಿಂದ ಸುದ್ದಿ ಕಳಿಸ್ತದೆ ಅನ್ನೋದನ್ನು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಪ್ಯಾರಿಸ್ಸಿನ ಆರ್ಮಾಂ ಟ್ರೂಸೋ ಒಬ್ಬರು. ಅವರು ನೋಡಿದ್ದು ನರವನ್ನಲ್ಲ, ರಕ್ತವನ್ನು. ಕಾರಣವಿಲ್ಲದೆ ಕಾಲಿನ ರಕ್ತನಾಳ ಹೆಪ್ಪುಗಟ್ಟಿದರೆ ಒಳಗೆಲ್ಲೋ ಕ್ಯಾನ್ಸರ್ ಇರಬಹುದು ಅಂತ 1865ರ ಹೊತ್ತಿಗೆ ಪಾಠ ಮಾಡಿದ್ದರು. ಎರಡು ವರ್ಷ ಕಳೆಯೋದರೊಳಗೆ ಅದೇ ಹೆಪ್ಪು ತಮ್ಮ ಮೈಯಲ್ಲೇ ಕಂಡಿತು. ತನಗೇನಾಗಿದೆ ಅಂತ ಅವರಿಗೆ ತಕ್ಷಣ ತಿಳಿದುಹೋಯಿತು. 1867ರಲ್ಲಿ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡರು.

ನರದ ಕಡೆಗೆ ಬಂದರೆ 1888, ಬರ್ಲಿನ್. ಹರ್ಮನ್ ಓಪನ್‌ಹೈಮ್ ಅನ್ನೋ ನರವೈದ್ಯರು ಕ್ಯಾನ್ಸರ್ ಇದ್ದ ರೋಗಿಯಲ್ಲಿ ಮೆದುಳಿನ ಲಕ್ಷಣಗಳನ್ನು ಕಂಡರು. ರೋಗಿ ಸತ್ತ ಮೇಲೆ ಮೆದುಳಿಗೆ ಕ್ಯಾನ್ಸರ್ ಹರಡಿರಬೇಕು ಅಂತ ತೆಗೆದು ನೋಡಿದರೆ ಅಲ್ಲಿ ಏನೂ ಇಲ್ಲ. ಬೇರೆಯವರಾಗಿದ್ದರೆ ಅದನ್ನು ಪಕ್ಕಕ್ಕಿಡ್ತಿದ್ದರೋ ಏನೋ. ಅವರು ಅದನ್ನೇ ಬರೆದು ಪ್ರಕಟಿಸಿದರು: ಕ್ಯಾನ್ಸರ್ ಇದೆ, ಮೆದುಳಿನ ಲಕ್ಷಣ ಇದೆ, ಮೆದುಳಿನಲ್ಲಿ ಕಾಣುವಂಥ ಬದಲಾವಣೆ ಇಲ್ಲ. ಏನೂ ಸಿಗಲಿಲ್ಲ ಅನ್ನೋದನ್ನು ದಾಖಲು ಮಾಡಿದ್ದರಿಂದಲೇ ಈ ಇತಿಹಾಸ ಶುರುವಾಯಿತು.

ಅದೇ ಕಾಲದಲ್ಲಿ ನಮ್ಮ ಕಡೆ ಏನಿತ್ತು ನೋಡ್ರಿ. ಓಪನ್‌ಹೈಮ್ ಬರೆದ ಆರು ವರ್ಷಕ್ಕೆ, 1894ರಲ್ಲಿ, ಮಿರಜ್‌ನಲ್ಲಿ ವಿಲಿಯಂ ವಾನ್ಲೆಸ್ ಅವರ ಮಿಷನ್ ಆಸ್ಪತ್ರೆ ಶುರುವಾಯಿತು. ಜಮಖಂಡಿ, ಮುಧೋಳ, ರಬಕವಿ, ಬನಹಟ್ಟಿ ಜನರಿಗೆ ದೊಡ್ಡ ದವಾಖಾನಿ ಅಂದ್ರೆ ಮಿರಜ್ಜೇ. ‘ಮಿರಜಿಗೆ ಒಯ್ದಾರಂತ’ ಅಂದರೆ ಬ್ಯಾನಿ ದೊಡ್ಡದು ಅಂತ ನಮ್ಮ ಅಜ್ಜಿಯ ಕಾಲದವರಿಗೆ ತಿಳೀತಿತ್ತು. ಜಮಖಂಡಿಯಲ್ಲೂ ಮಿರಜ್‌ನಲ್ಲೂ ಪಟವರ್ಧನ ಮನೆತನದವರೇ ಆಳ್ತಿದ್ದರು, ಓಡಾಟಕ್ಕೆ ಅಡ್ಡಿ ಇರಲಿಲ್ಲ. ಈಗ ಬೆಳಗಾವಿ, ಹುಬ್ಬಳ್ಳಿ, ವಿಜಯಪುರ, ಬಾಗಲಕೋಟೆ ಎಲ್ಲಾ ಕಡೆ ದೊಡ್ಡ ಆಸ್ಪತ್ರೆ ಬಂದಿವೆ. ಆದರೂ ಮಿರಜ್ ದಾರಿ ಇನ್ನೂ ಸವೆದಿಲ್ಲ.

ಬೀಡಿ, ಎದೆ, ಕಾಲು

ಓಪನ್‌ಹೈಮ್ ನಂತರ ಅರವತ್ತು ವರ್ಷ ಬಿಡಿಬಿಡಿ ವರದಿಗಳು ಬಂದವು. ಗಟ್ಟಿ ಹೆಜ್ಜೆ ಇಟ್ಟವರು ನ್ಯೂಜಿಲೆಂಡಿನಲ್ಲಿ ಹುಟ್ಟಿದ ಡೆರೆಕ್ ಡೆನ್ನಿ-ಬ್ರೌನ್, 1948ರಲ್ಲಿ. ಅವರು ಇಬ್ಬರು ರೋಗಿಗಳ ವಿವರ ಬರೆದರು. ಇಬ್ಬರಿಗೂ ಸ್ಪರ್ಶ ಹೋಗಿತ್ತು, ಕಣ್ಣು ಮುಚ್ಚಿದರೆ ಕೈಕಾಲು ಎಲ್ಲಿವೆ ಅನ್ನೋದೇ ತಿಳೀತಿರಲಿಲ್ಲ. ಇಬ್ಬರಿಗೂ ಶ್ವಾಸಕೋಶದ ಕ್ಯಾನ್ಸರ್ ಇತ್ತು. ಸತ್ತ ಮೇಲೆ ನೋಡಿದರೆ ಬೆನ್ನುಹುರಿಯ ಪಕ್ಕದಲ್ಲಿರೋ ಸ್ಪರ್ಶದ ನರಗಂಟುಗಳಲ್ಲಿ ಕೋಶಗಳು ನಾಶವಾಗಿದ್ದವು. ಕ್ಯಾನ್ಸರ್ ಅಲ್ಲಿಗೆ ಹೋಗಿರಲೇ ಇಲ್ಲ.

ಎರಡು ವರ್ಷಕ್ಕೆ, 1950ರಲ್ಲಿ, ರಿಚರ್ಡ್ ಡಾಲ್ ಮತ್ತು ಬ್ರ್ಯಾಡ್‌ಫರ್ಡ್ ಹಿಲ್ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರೋ ನಂಟನ್ನು ಬ್ರಿಟನ್ನಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ಈ ಎರಡು ಸಂಗತಿಯನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಬೀಡಿ, ಸಿಗರೇಟಿನಿಂದ ಬರೋ ಶ್ವಾಸಕೋಶದ ಕ್ಯಾನ್ಸರಿನಲ್ಲಿ ‘ಸ್ಮಾಲ್ ಸೆಲ್’ ಅಂತ ಒಂದು ಬಗೆ ಇದೆ. ನರಕ್ಕೆ ಸುದ್ದಿ ಕಳಿಸೋದರಲ್ಲಿ ಅದೇ ಮುಂದು. ನಿಪ್ಪಾಣಿಯ ಬೀಡಿ ತಂಬಾಕಿಗೆ ಹೆಸರಾದ ಸೀಮೆಗೆ ಹತ್ತಿರ ಇರೋರು ನಾವು. ಬೆಲ್ಲದ ಗಾಣದ ಮುಂದೆ, ಕಬ್ಬು ಕಡಿಯೋ ಗ್ಯಾಂಗಿನಲ್ಲಿ, ಮಗ್ಗದ ಮನೆಯ ಕಟ್ಟೆ ಮೇಲೆ ಬೀಡಿ ಸೇದದ ಹಿರಿಯರನ್ನು ಎಷ್ಟು ಜನರನ್ನು ನೋಡಿದ್ದೀವಿ ಹೇಳ್ರಿ.

1951ರಲ್ಲಿ ಲಂಡನ್ನಿನ ರಸೆಲ್ ಬ್ರೈನ್ ಮತ್ತು ಸಂಗಡಿಗರು ಕಿರುಮೆದುಳು ಸವೆಯೋದಕ್ಕೂ ಕ್ಯಾನ್ಸರಿಗೂ ಇರೋ ಸಂಬಂಧ ಬರೆದರು. ಹೌದು, ಮೆದುಳಿನ ಡಾಕ್ಟರ್ ಹೆಸರೇ ಬ್ರೈನ್. ಕಿರುಮೆದುಳು ನಡಿಗೆಯ ತೂಕ ಕಾಯೋ ಭಾಗ. ಅದು ಹೋದರೆ ಕುಡಿಯದ ಮನುಷ್ಯನೂ ಕುಡಿದವನಂಗೆ ತೂರಾಡ್ತಾನೆ, ಮಾತು ತೊದಲ್ತದೆ.

1956ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಲ್ಯಾಂಬರ್ಟ್, ಈಟನ್ ಮತ್ತು ರೂಕ್ ಇನ್ನೊಂದು ವಿಚಿತ್ರ ಕಂಡರು. ಈ ರೋಗಿಗಳ ತೊಡೆಯಲ್ಲಿ ಶಕ್ತಿ ಇಲ್ಲ, ಕುಂತಲ್ಲಿಂದ ಏಳೋಕೆ ಆಗಲ್ಲ. ನರಕ್ಕೆ ವಿದ್ಯುತ್ ಕೊಟ್ಟು ಪರೀಕ್ಷೆ ಮಾಡಿದರೆ ಮೊದಲ ಸಲ ಸ್ನಾಯು ಸ್ವಲ್ಪವೇ ಅಲುಗಾಡ್ತದೆ. ಆದರೆ ಬೇಗಬೇಗ ಕೊಡ್ತಾ ಹೋದರೆ ಶಕ್ತಿ ಏರ್ತದೆ. ದಣಿದಷ್ಟೂ ಶಕ್ತಿ ಇಳಿಯೋದು ನಮಗೆಲ್ಲ ಗೊತ್ತು. ಇವರದು ಉಲ್ಟಾ. ಇದಕ್ಕೆ ಮುಂದೆ ಲ್ಯಾಂಬರ್ಟ್-ಈಟನ್ ಅಂತ ಹೆಸರಾಯಿತು. ಈ ರೋಗ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಸ್ಮಾಲ್ ಸೆಲ್ ಕ್ಯಾನ್ಸರ್ ಇರ್ತದೆ.

ನಮ್ಮ ಮನೆಯ ಫೈಲಿನ ಮಾತು ಇಲ್ಲೇ ಹೇಳಬೇಕು. ನಮ್ಮ ದೊಡ್ಡಪ್ಪ ಗಾಣದಲ್ಲಿ ದುಡಿದವರು, ನಲವತ್ತು ವರ್ಷ ಬೀಡಿ ಸೇದಿದವರು. ಅವರಿಗೆ ಶುರುವಾದದ್ದೂ ಹಿಂಗೇ. ‘ತಮ್ಮಾ, ಕುಂತ್ರ ಮ್ಯಾಲ ಏಳಾಕ ಆಗವಲ್ದೋ, ಕಾಲಾಗ ಜೀವಾನ ಇಲ್ಲ’ ಅಂತಿದ್ದರು. ಬಾಯಿ ಒಣಗ್ತದೆ ಅಂತ ತಂಬಿಗೆ ನೀರು ಪಕ್ಕದಲ್ಲೇ ಇಟ್ಕೊಳ್ಳೋರು. ವಯಸ್ಸಾಯಿತು ಅಂದರು ಕೆಲವರು. ಸೊಂಟದ ಎಲುಬು ಸವೆದಿದೆ ಅಂದರು ಇನ್ನು ಕೆಲವರು. ಬಿ12 ಇಂಜೆಕ್ಷನ್ ಆಯಿತು, ಬೆನ್ನಿನ ಸ್ಕ್ಯಾನ್ ಆಯಿತು, ಎಣ್ಣೆ ತಿಕ್ಕಿಸೋದೂ ಆಯಿತು.

ಕೊನೆಗೆ ಒಬ್ಬ ನರವೈದ್ಯರು ಅವರ ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ಬಡಿದು ನೋಡಿದರು. ಕಾಲು ಅಲುಗಾಡಲಿಲ್ಲ. ‘ಕಾಕಾ, ಕಾಲು ಗಟ್ಟಿಯಾಗಿ ಚಾಚಿ ಹತ್ತು ಎಣಿಸೋವರೆಗೂ ಹಂಗೇ ಹಿಡೀರಿ’ ಅಂದರು. ಆಮೇಲೆ ಮತ್ತೆ ಬಡಿದರು. ಈ ಸಲ ಕಾಲು ಟಕ್ ಅಂತ ಎದ್ದಿತು. ಡಾಕ್ಟರ್ ಮುಂದೆ ಕೇಳಿದ್ದು ಕಾಲಿನ ಬಗ್ಗೆ ಅಲ್ಲ. ‘ಬೀಡಿ ಎಷ್ಟು ವರ್ಷದಿಂದ ಸೇದ್ತೀರಿ ಕಾಕಾ?’

ಎದೆಯ ಸಿ.ಟಿ. ಸ್ಕ್ಯಾನಿನಲ್ಲಿ ಗಂಟು ಸಿಕ್ಕಿತು. ದೊಡ್ಡಪ್ಪ ಆಮೇಲೆ ಒಂದು ವರ್ಷ ನಾಲ್ಕು ತಿಂಗಳು ಇದ್ದರು. ಅದರಲ್ಲಿ ಸುಮಾರು ಒಂದು ವರ್ಷ ತಾವೇ ಎದ್ದು ಓಡಾಡಿದರು. ಅವರು ತೀರಿಕೊಂಡ ಮೇಲೆ ನಾನು ಅವರ ಫೈಲನ್ನು ತಾರೀಖಿನ ಪ್ರಕಾರ ಜೋಡಿಸಿದೆ, ವೋಚರ್ ಜೋಡಿಸಿದಂಗೆ. ಕಾಲಿನ ಮೊದಲ ಚೀಟಿಯಿಂದ ಎದೆಯ ಸ್ಕ್ಯಾನಿನವರೆಗೆ ಎಂಟು ತಿಂಗಳು. ಆ ಎಂಟು ತಿಂಗಳಲ್ಲಿ ಬೆನ್ನಿನ ಸ್ಕ್ಯಾನ್ ಎರಡು ಸಲ ಆಗಿತ್ತು. ಎದೆಯ ಎಕ್ಸ್‌ರೇ ಒಂದೂ ಇರಲಿಲ್ಲ. ‘ಹು’ ಅನ್ನೋ ಎರಡಕ್ಷರ ಇದ್ದ ರಕ್ತಪರೀಕ್ಷೆ ಫೈಲಿನ ಕೊನೇ ಹಾಳೆಗಳಲ್ಲಿ ಇತ್ತು.

ಇದನ್ನು ಯಾರನ್ನೋ ದೂರೋಕೆ ಹೇಳ್ತಿಲ್ಲ. ಕಾಲು ಸೋತವರು ಸಾವಿರ ಜನ ಬಂದರೆ ಅದರಲ್ಲಿ ಹೆಚ್ಚಿನವರದು ಸಕ್ಕರೆ ಬ್ಯಾನಿ, ಸೊಂಟ, ಬಿ12 ಇವೇ ಆಗಿರ್ತಾವೆ. ಜಗತ್ತಿಗೇ ಈ ಸಂಬಂಧ ತಿಳಿಯೋಕೆ 1888ರಿಂದ 1956ರವರೆಗೆ ಬೇಕಾಯಿತು. ಆದರೆ ಗೊತ್ತಾದ ಮೇಲೂ ಅದು ನಮ್ಮ ಊರಿನ ಚೀಟಿಯ ಮೇಲೆ ಬರೋಕೆ ಎಷ್ಟು ಕಾಲ ಬೇಕು ಅನ್ನೋದು ಬೇರೆ ಪ್ರಶ್ನೆ.

ಹಾವಿನ ವಿಷ ಕೊಟ್ಟ ಸಾಕ್ಷಿ

ಸಂಬಂಧ ಇದೆ ಅಂತ ಗೊತ್ತಾಯಿತು. ಆದರೆ ಯಾಕೆ? ಗಂಟು ವಿಷ ಬಿಡ್ತದೆಯಾ, ಪೋಷಕಾಂಶ ಕದೀತದೆಯಾ, ವೈರಸ್ಸಾ? ಎಲ್ಲಾ ವಾದಗಳೂ ಇದ್ದವು. 1960ರ ದಶಕದಲ್ಲಿ ಸ್ಕಾಟ್ಲೆಂಡಿನ ವಿಲ್ಕಿನ್‌ಸನ್ ಇಂಥ ಕೆಲವು ರೋಗಿಗಳ ರಕ್ತದಲ್ಲಿ ಮೆದುಳಿಗೆ ಅಂಟಿಕೊಳ್ಳೋ ಆ್ಯಂಟಿಬಾಡಿ ಇರೋದನ್ನು ತೋರಿಸಿದರು. ಆದರೆ ರೋಗ ತರೋದು ಆ್ಯಂಟಿಬಾಡಿಯೇ ಅಂತ ಸಾಬೀತು ಆಗಬೇಕಲ್ಲ.

ದಾರಿ ತೋರಿಸಿದ್ದು ಪಕ್ಕದ ಮನೆಯಂಥ ಇನ್ನೊಂದು ರೋಗ, ಮಯಸ್ತೇನಿಯಾ ಗ್ರೇವಿಸ್. ಅಮಿತಾಬ್ ಬಚ್ಚನ್ ಅವರಿಗೆ ಬಂದಿದ್ದರಿಂದ ನಮ್ಮ ದೇಶದಲ್ಲಿ ಬಹಳ ಜನಕ್ಕೆ ಇದರ ಹೆಸರು ಗೊತ್ತು. ಇದರಲ್ಲಿ ಕಣ್ಣಿನ ರೆಪ್ಪೆ ಜೋಲ್ತದೆ, ನುಂಗೋದು ಕಷ್ಟ ಆಗ್ತದೆ. ಇದು ಬಂದ ನೂರರಲ್ಲಿ ಹತ್ತರಿಂದ ಹದಿನೈದು ಜನರಿಗೆ ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಗಂಟು ಇರ್ತದೆ. ಅಲ್ಲೂ ಎದೆಯ ಗಂಟು, ದೂರದ ಸ್ನಾಯು.

ಕಬ್ಬಿನ ಹೊಲದಲ್ಲಿ ಕಟ್ಟುಹಾವು ಕಡಿದವರನ್ನು ನೋಡಿದವರಿಗೆ ಈ ಲಕ್ಷಣ ಪರಿಚಯ ಇರ್ತದೆ. ಅಲ್ಲೂ ಮೊದಲು ರೆಪ್ಪೆ ಜೋಲ್ತದೆ, ಆಮೇಲೆ ಗಂಟಲು, ಆಮೇಲೆ ಉಸಿರು. ನಮ್ಮ ಕಟ್ಟುಹಾವಿನ ದಾಯಾದಿ ಒಂದು ತೈವಾನ್‌ನಲ್ಲಿದೆ. 1963ರಲ್ಲಿ ಅಲ್ಲಿನ ಚಾಂಗ್ ಮತ್ತು ಲೀ ಅದರ ವಿಷದಿಂದ ಒಂದು ಅಂಶ ಬೇರ್ಪಡಿಸಿದರು. ನರ ಸ್ನಾಯುವಿಗೆ ಸುದ್ದಿ ಮುಟ್ಟಿಸೋ ಜಾಗಕ್ಕೆ ಹೋಗಿ ಗಟ್ಟಿಯಾಗಿ ಅಂಟಿಕೊಳ್ಳೋ ಅಂಶ ಅದು. ಅಂಟಿಕೊಂಡದ್ದನ್ನು ಎಣಿಸಿದರೆ ಅಂಥ ಜಾಗ ಎಷ್ಟಿವೆ ಅಂತ ಲೆಕ್ಕ ಸಿಕ್ಕಂಗೆ. 1973ರಲ್ಲಿ ಅಮೆರಿಕದಲ್ಲಿ ಫ್ಯಾಮ್‌ಬ್ರೋ, ಡ್ರಾಕ್‌ಮನ್ ಮತ್ತು ಸತ್ಯಮೂರ್ತಿ ಹಂಗೇ ಎಣಿಸಿ, ಮಯಸ್ತೇನಿಯಾ ರೋಗಿಗಳಲ್ಲಿ ಆ ಜಾಗಗಳು ತೀರಾ ಕಡಿಮೆ ಆಗಿರೋದನ್ನು ತೋರಿಸಿದರು. ಅದೇ ವರ್ಷ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ವಿದ್ಯುತ್ ಈಲ್ ಮೀನಿನಿಂದ ತೆಗೆದ ಅದೇ ಪ್ರೋಟೀನನ್ನು ಮೊಲಗಳಿಗೆ ಚುಚ್ಚಿದರು. ಮೊಲಗಳ ದೇಹ ಅದರ ವಿರುದ್ಧ ಆ್ಯಂಟಿಬಾಡಿ ಮಾಡಿತು, ಮೊಲಗಳು ಕುಸಿದುಬಿದ್ದವು. ದೇಹದ ಪಡೆಯೇ ನರದ ಬಾಗಿಲು ಮುಚ್ಚಬಲ್ಲದು ಅನ್ನೋದಕ್ಕೆ ಸಾಕ್ಷಿ ಸಿಕ್ಕಿತು.

1981ರಲ್ಲಿ ಬ್ರಿಟನ್ನಿನ ನ್ಯೂಸಮ್-ಡೇವಿಸ್, ಏಂಜೆಲಾ ವಿನ್ಸೆಂಟ್ ಮತ್ತು ಸಂಗಡಿಗರು ಲ್ಯಾಂಬರ್ಟ್-ಈಟನ್ ರೋಗಿಗಳ ರಕ್ತದಿಂದ ಆ್ಯಂಟಿಬಾಡಿ ತೆಗೆದು ಇಲಿಗಳಿಗೆ ಕೊಟ್ಟರು. ಮನುಷ್ಯರಲ್ಲಿ ಕಂಡ ನರದ ದೋಷವೇ ಇಲಿಗಳಲ್ಲೂ ಕಾಣಿಸಿತು. ದೊಡ್ಡಪ್ಪನ ಕಾಲು ಯಾಕೆ ಏಳಲಿಲ್ಲ ಅನ್ನೋ ಪ್ರಶ್ನೆಗೆ ಉತ್ತರ ಬಂದದ್ದು ಆ ವರ್ಷ.

ಹೆಸರಿನ ಎರಡಕ್ಷರ

ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಜೆರೋಮ್ ಪೋಸ್ನರ್ ಅಂತ ನರವೈದ್ಯರಿದ್ದರು. ಕ್ಯಾನ್ಸರ್ ಆಸ್ಪತ್ರೆಯೊಳಗೆ ಕೂತ ನರವೈದ್ಯರು ಅನ್ನೋದನ್ನು ಗಮನಿಸಿ. ಎರಡೂ ಬಗೆಯ ರೋಗಿ ಒಂದೇ ಸೂರಿನಡಿ ಸಿಗ್ತಿದ್ದರು. 1985ರಲ್ಲಿ ಅವರು ಫ್ರಾನ್ಸೆಸ್ಕ್ ಗ್ರೌಸ್ ಮತ್ತು ಕಾರ್ಲೋಸ್ ಕಾರ್ಡನ್-ಕಾರ್ಡೊ ಜೊತೆ, ಶ್ವಾಸಕೋಶದ ಕ್ಯಾನ್ಸರ್ ಇದ್ದು ಸ್ಪರ್ಶ ಹೋಗಿದ್ದ ಇಬ್ಬರು ರೋಗಿಗಳ ರಕ್ತದಲ್ಲಿ ನರಕೋಶಕ್ಕೂ ಗಂಟಿಗೂ ಎರಡಕ್ಕೂ ಅಂಟೋ ಆ್ಯಂಟಿಬಾಡಿ ಕಂಡುಹಿಡಿದರು. ಅದೇ ‘ಹು’. ಡೆನ್ನಿ-ಬ್ರೌನ್ 1948ರಲ್ಲಿ ಬರೆದ ರೋಗಕ್ಕೆ 37 ವರ್ಷದ ಮೇಲೆ ರಕ್ತದಲ್ಲಿ ಗುರುತು ಸಿಕ್ಕಿತು. ಅಂಡಾಶಯ, ಸ್ತನದ ಕ್ಯಾನ್ಸರ್ ಇರೋ ಮಹಿಳೆಯರಲ್ಲಿ ಕಿರುಮೆದುಳು ಹಾಳಾಗೋದರ ಗುರುತು ‘ಯೋ’. ಕಣ್ಣುಗುಡ್ಡೆ ನಿಲ್ಲದೆ ಕುಣಿಯೋ ರೋಗದಲ್ಲಿ ಸಿಕ್ಕದ್ದು ‘ರಿ’.

ಆ ರೋಗಿಗಳು ಯಾರು, ಯಾವ ಊರಿನವರು, ಮಕ್ಕಳಿದ್ದರಾ, ಯಾವುದೂ ರಿಪೋರ್ಟಿನಲ್ಲಿ ಇರಲ್ಲ. ವಿಜ್ಞಾನಿಗಳ ಹೆಸರು ರೋಗಕ್ಕೆ ಇಡೋದು ವಾಡಿಕೆ. ಇಲ್ಲಿ ರೋಗಿಗಳ ಅರ್ಧ ಹೆಸರು ಉಳಿದಿದೆ. ಹುನ್ನೂರದ ಒಬ್ಬ ಗಾಣದ ಕೆಲಸಗಾರನ ರಕ್ತವನ್ನು, ತಾವು ಕಾಣದ ಒಬ್ಬ ನ್ಯೂಯಾರ್ಕ್ ರೋಗಿಯ ಹೆಸರಿನ ಜೊತೆ ಹೋಲಿಸಿ ನೋಡಿದರಲ್ಲ ಅಂತ ನಾನು ಎಷ್ಟೋ ಸಲ ಯೋಚನೆ ಮಾಡಿದ್ದೀನಿ.

ಒಂದು ಕಹಿ ಮಾತೂ ಇದೆ. ಹು, ಯೋ ಥರದ ರೋಗದಲ್ಲಿ ನರಕೋಶವನ್ನು ಕೊಲ್ಲೋದು ಮುಖ್ಯವಾಗಿ ಟಿ ಕೋಶ ಅನ್ನೋ ಕಾದಾಳುಗಳು. ಕೋಶವೇ ಸಾಯೋದರಿಂದ ಚಿಕಿತ್ಸೆ ಕೊಟ್ಟರೂ ಹೋದದ್ದು ಬರೋದು ಕಷ್ಟ, ಇದ್ದದ್ದನ್ನು ಉಳಿಸ್ಕೋಬೇಕು. ಲ್ಯಾಂಬರ್ಟ್-ಈಟನ್‌ನಂಥದರಲ್ಲಿ ಆ್ಯಂಟಿಬಾಡಿ ನರದ ಹೊರಬಾಗಿಲಿಗೆ ಮಾತ್ರ ಅಡ್ಡ ನಿಲ್ತದೆ. ಅಲ್ಲಿ ಗಂಟಿಗೆ ಚಿಕಿತ್ಸೆ ಕೊಟ್ಟು, ಆ್ಯಂಟಿಬಾಡಿ ತಗ್ಗಿಸಿದರೆ ಶಕ್ತಿ ವಾಪಸ್ ಬರಬಹುದು. ಎರಡರಲ್ಲೂ ಬೇಗ ಹಿಡಿಯೋದೇ ದೊಡ್ಡದು.

ಹೊಸೂರು ರಸ್ತೆಯ ನೆರೆಹೊರೆ

ಈಗ ನಮ್ಮ ರಾಜ್ಯಕ್ಕೆ ಬರೋಣ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಮತ್ತು ಕಿದ್ವಾಯಿ ಅಕ್ಕಪಕ್ಕ ಇವೆ. ಒಂದು ಮನಸ್ಸು ಮತ್ತು ನರಕ್ಕೆ, ಇನ್ನೊಂದು ಕ್ಯಾನ್ಸರಿಗೆ. ಇದಕ್ಕಿಂತ ಒಳ್ಳೇ ಜೋಡಿ ಈ ರೋಗಕ್ಕೆ ಸಿಗಲಿಕ್ಕಿಲ್ಲ.

ನಿಮ್ಹಾನ್ಸ್ ಬೇರು ಹಳೇ ಬೆಂಗಳೂರಿನ ಹುಚ್ಚಾಸ್ಪತ್ರೆಯಲ್ಲಿದೆ. 1925ರಲ್ಲಿ ಮೈಸೂರು ಸರ್ಕಾರ ಆ ಹೆಸರು ತೆಗೆದು ಮಾನಸಿಕ ಆಸ್ಪತ್ರೆ ಅಂತ ಮಾಡಿತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಮೊದಲ ನಿರ್ದೇಶಕರು ನರಶಸ್ತ್ರಚಿಕಿತ್ಸಕ ಡಾ. ಆರ್.ಎಂ. ವರ್ಮಾ. ಅದಕ್ಕೆ ಒಂದು ವರ್ಷ ಮೊದಲು, 1973ರಲ್ಲಿ, ಸ್ವಾತಂತ್ರ್ಯ ಹೋರಾಟಗಾರ, ಕೇಂದ್ರ ಮಂತ್ರಿಯಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ನೆನಪಿನಲ್ಲಿ ಕಿದ್ವಾಯಿ ಸಂಸ್ಥೆ ಶುರುವಾಗಿತ್ತು. 1980ರಲ್ಲಿ ಅದು ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ದೇಶದ ಕ್ಯಾನ್ಸರ್ ನೋಂದಣಿ ಯೋಜನೆ 1980ರ ದಶಕದ ಶುರುವಿನಲ್ಲಿ ಮುಂಬೈ, ಚೆನ್ನೈ ಜೊತೆ ಬೆಂಗಳೂರಿನಲ್ಲೂ ಆರಂಭವಾದಾಗ ಇಲ್ಲಿನ ಲೆಕ್ಕ ಇಟ್ಟದ್ದು ಕಿದ್ವಾಯಿ. 1995ರಲ್ಲಿ ನಿಮ್ಹಾನ್ಸ್‌ನಲ್ಲಿ ಡಾ. ಎಸ್.ಕೆ. ಶಂಕರ್ ಅವರ ಮುಂದಾಳತ್ವದಲ್ಲಿ ಮೆದುಳು ಬ್ಯಾಂಕ್ ಶುರುವಾಯಿತು. ಓಪನ್‌ಹೈಮ್ ಬರಿಗಣ್ಣಿಗೆ ಕಾಣದ್ದನ್ನು ಹುಡುಕಿದ್ದರಲ್ಲ, ಅಂಥ ಹುಡುಕಾಟಕ್ಕೆ ಬೇಕಾದ ಸಾಮಗ್ರಿ ಅಲ್ಲಿ ಕೂಡಿಟ್ಟಿದ್ದಾರೆ.

ಮನಸ್ಸು ಮತ್ತು ನರ ಒಂದೇ ಆವರಣದಲ್ಲಿ ಇರೋದು ಯಾಕೆ ಮುಖ್ಯ ಅನ್ನೋದು 2007ರಲ್ಲಿ ಇನ್ನಷ್ಟು ಸ್ಪಷ್ಟವಾಯಿತು. ಅಮೆರಿಕದಲ್ಲಿದ್ದ ಜೋಸೆಪ್ ಡಾಲ್ಮೌ ಮತ್ತು ಸಂಗಡಿಗರು 12 ಮಹಿಳೆಯರ ವಿವರ ಪ್ರಕಟಿಸಿದರು. ಚೆನ್ನಾಗಿದ್ದವರು ಒಮ್ಮೆಲೇ ಏನೇನೋ ಮಾತಾಡ್ತಾರೆ, ಹೆದರ್ತಾರೆ, ನಿದ್ದೆ ಇಲ್ಲ. ಆಮೇಲೆ ಫಿಟ್ಸ್, ಪ್ರಜ್ಞೆ ತಪ್ಪೋದು. ಕಾರಣ ಹುಡುಕಿದರೆ 11 ಜನರ ಅಂಡಾಶಯದಲ್ಲಿ, ಒಬ್ಬರ ಎದೆಯಲ್ಲಿ ಟೆರಟೋಮಾ ಅನ್ನೋ ಗಂಟು. ಆ ಗಂಟಿನಲ್ಲಿ ನರದ ಅಂಗಾಂಶ ಬೆಳೆಯೋದುಂಟು. ದೇಹ ಅದರ ವಿರುದ್ಧ ಮಾಡಿದ ಆ್ಯಂಟಿಬಾಡಿ ಮೆದುಳಿನ ಎನ್‌ಎಂಡಿಎ ಅನ್ನೋ ಗ್ರಾಹಿಗಳನ್ನು ಹಿಡಿದಿತ್ತು. ಗಂಟು ತೆಗೆದು ಚಿಕಿತ್ಸೆ ಕೊಟ್ಟರೆ ಬಹಳ ಮಂದಿ ಗುಣ ಆಗ್ತಾರೆ. ಎಲ್ಲರಿಗೂ ಗಂಟು ಇರಲ್ಲ, ಇದ್ದರೂ ಅದು ಹೆಚ್ಚಾಗಿ ಕ್ಯಾನ್ಸರ್ ಆಗಿರೋದಿಲ್ಲ. ನಿಮ್ಹಾನ್ಸ್ ವೈದ್ಯರೂ ಇಂಥ ಆಟೋಇಮ್ಯೂನ್ ಮೆದುಳಿನ ಉರಿಯೂತದ ರೋಗಿಗಳ ಬಗ್ಗೆ ಪ್ರಬಂಧಗಳನ್ನು ಬರೆದಿದ್ದಾರೆ.

ನಮ್ಮ ಊರುಗಳಲ್ಲಿ ಇಪ್ಪತ್ತು ವರ್ಷದ ಹುಡುಗಿ ಹಿಂಗಾದರೆ ಏನಂತಾರೆ? ‘ಗಾಳಿ ಬಡದೈತಿ.’ ನಿಂಬೆಹಣ್ಣು, ಅಮಾವಾಸ್ಯೆ, ಆ ಗುಡಿ, ಈ ದರ್ಗಾ. ದೇವರಿಗೆ ಹೋಗಬ್ಯಾಡ್ರಿ ಅಂತ ನಾನು ಹೇಳಲ್ಲ. ಹೋಗಿ ಬಂದ ಮರುದಿನವೇ ದವಾಖಾನಿಗೂ ಹೋಗ್ರಿ ಅಂತೀನಿ. ಈ ರೋಗದಲ್ಲಿ ಒಂದೊಂದು ವಾರಕ್ಕೂ ಬೆಲೆ ಇದೆ.

ಮಕ್ಕಳ ಮಾತನ್ನೂ ಹೇಳಿಬಿಡ್ತೀನಿ. 1962ರಲ್ಲಿ ಮಾರ್ಸೆಲ್ ಕಿನ್ಸ್‌ಬೋರ್ನ್ ಅನ್ನೋ ವೈದ್ಯರು ಕಣ್ಣು ಕುಣಿಯೋ, ಕೈಕಾಲು ಜಗ್ಗೋ ಪುಟ್ಟ ಮಕ್ಕಳ ವಿವರ ಬರೆದರು. ಇಂಥ ಮಕ್ಕಳಲ್ಲಿ ಸುಮಾರು ಅರ್ಧ ಜನರಿಗೆ ಹೊಟ್ಟೆಯಲ್ಲೋ ಎದೆಯಲ್ಲೋ ನ್ಯೂರೋಬ್ಲಾಸ್ಟೋಮಾ ಅನ್ನೋ ಗಂಟು ಇರೋದು ಆಮೇಲೆ ತಿಳಿಯಿತು. ಮಗು ನಡೀತಿದ್ದದ್ದು ನಿಲ್ಲಿಸಿ, ಕಣ್ಣು ನಾಲ್ಕೂ ದಿಕ್ಕಿಗೆ ಕುಣಿದರೆ ದೃಷ್ಟಿ ತೆಗೆದು ಸುಮ್ಮನಿರಬ್ಯಾಡ್ರಿ.

ದುಡ್ಡಿನ ಲೆಕ್ಕ

ಕಾಮರ್ಸ್ ಓದಿದವನಾಗಿ ಇದನ್ನು ಬಿಡೋಕಾಗಲ್ಲ. ಲ್ಯಾಂಬರ್ಟ್-ಈಟನ್ ರೋಗಿಗಳಿಗೆ ಶಕ್ತಿ ಕೊಡೋ ಒಂದು ಮಾತ್ರೆ ಇದೆ, ಡೈಅಮೈನೋಪಿರಿಡಿನ್. ಅದು ಕೆಲಸ ಮಾಡ್ತದೆ ಅನ್ನೋದು 1980ರ ದಶಕದಲ್ಲೇ ಗೊತ್ತಿತ್ತು. ಅಮೆರಿಕದಲ್ಲಿ ಜೇಕಬಸ್ ಅನ್ನೋ ಒಂದು ಕುಟುಂಬದ ಸಣ್ಣ ಕಂಪನಿ ಅದನ್ನು ರೋಗಿಗಳಿಗೆ ವರ್ಷಗಟ್ಟಲೆ ಪುಕ್ಕಟೆ ಕೊಡ್ತಿತ್ತು. 2018ರಲ್ಲಿ ಇನ್ನೊಂದು ಕಂಪನಿ, ಕ್ಯಾಟಲಿಸ್ಟ್, ಹೆಚ್ಚುಕಡಿಮೆ ಅದೇ ಮದ್ದಿಗೆ ಸರ್ಕಾರದ ಒಪ್ಪಿಗೆ ಪಡೆದು, ವರ್ಷಕ್ಕೆ 3,75,000 ಡಾಲರ್ ಬೆಲೆ ಇಟ್ಟಿತು. ಆಗಿನ ದರದಲ್ಲಿ ಎರಡೂವರೆ ಕೋಟಿ ರೂಪಾಯಿಗೂ ಹೆಚ್ಚು. 2019ರಲ್ಲಿ ಸೆನೆಟರ್ ಬರ್ನಿ ಸ್ಯಾಂಡರ್ಸ್ ಆ ಕಂಪನಿಗೆ ಪತ್ರ ಬರೆದು ಪ್ರಶ್ನೆ ಮಾಡಿದರು. ಅಪರೂಪದ ರೋಗ ಅಂದ್ರೆ ಗಿರಾಕಿ ಕಡಿಮೆ. ಗಿರಾಕಿ ಕಡಿಮೆ ಅಂದ್ರೆ ಒಬ್ಬೊಬ್ಬರ ತಲೆ ಮೇಲೆ ಬೆಲೆ ಜಾಸ್ತಿ. ಇದು ಮಾರುಕಟ್ಟೆಯ ಲೆಕ್ಕ.

ನಮ್ಮ ಲೆಕ್ಕ ಬೇರೆ. ಹುನ್ನೂರದಿಂದ ಹೊಸೂರು ರಸ್ತೆಗೆ 500 ಕಿಲೋಮೀಟರಿಗೂ ಹೆಚ್ಚು. ರಾತ್ರಿ ಬಸ್ಸು, ಬಿಪಿಎಲ್ ಕಾರ್ಡಿನ ಜೆರಾಕ್ಸ್, ಜೊತೆಗೆ ಒಬ್ಬರು, ಅವರ ಕೂಲಿ ಹೋಗೋದು, ಅಲ್ಲಿ ಉಳಿಯೋ ಖರ್ಚು. ಅದಕ್ಕೇ ಬೆಂಗಳೂರಿಗೆ ಹೋಗೋ ಮೊದಲೇ ಊರಲ್ಲಿ ಆಗಬಹುದಾದ ಕೆಲಸಕ್ಕೆ ಬೆಲೆ ಜಾಸ್ತಿ. ಒಂದು ಎದೆಯ ಎಕ್ಸ್‌ರೇ ತಾಲ್ಲೂಕು ಆಸ್ಪತ್ರೆಯಲ್ಲೂ ಆಗ್ತದೆ. ಅದರಲ್ಲಿ ಎಲ್ಲಾ ಗಂಟೂ ಕಾಣಲ್ಲ, ಸಿ.ಟಿ. ಬೇಕಾಗಬಹುದು. ಆದರೆ ಎದೆ ಕಡೆ ನೋಡಬೇಕು ಅನ್ನೋ ಯೋಚನೆ ಪುಕ್ಕಟೆ ಬರ್ತದೆ.

ಹೆದರಿಸೋಕೆ ಹೇಳ್ತಿಲ್ಲ ರೀ. ಕಾಲು ಜುಮುಜುಮು ಅಂದರೆ ಮೊದಲು ಶುಗರ್ ನೋಡಿಸ್ರಿ, ಬಿ12 ನೋಡಿಸ್ರಿ. ಆದರೆ ತೊಂದರೆ ವಾರಗಳಲ್ಲೇ, ಅಂದ್ರೆ ಬೇಗಬೇಗ, ಹೆಚ್ಚಾಗ್ತಾ ಹೋದರೆ, ಮನುಷ್ಯ ಬೀಡಿ ಸಿಗರೇಟು ಸೇದಿದವರಾಗಿದ್ದರೆ, ತೂಕ ಇಳೀತಿದ್ದರೆ, ಬಾಯಿ ಒಣಗೋದು, ತೂರಾಡೋದು ಜೊತೆಗೆ ಇದ್ದರೆ, ಡಾಕ್ಟರಿಗೆ ಒಂದು ಮಾತು ಕೇಳ್ರಿ: ‘ಸಾಹೇಬ್ರ, ಎದಿದೂ ಒಮ್ಮೆ ನೋಡೂಣೇನ್ರಿ?’ ಕೇಳೋದರಲ್ಲಿ ಅವಮಾನ ಇಲ್ಲ. ಸೇದಿದ ಬೀಡಿಯ ಲೆಕ್ಕವನ್ನು ಡಾಕ್ಟರ್ ಮುಂದೆ ಮುಚ್ಚಿಡಬ್ಯಾಡ್ರಿ. ಹಳೇ ಚೀಟಿ, ಹಳೇ ರಿಪೋರ್ಟ್ ಎಲ್ಲಾ ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿ ಇಟ್ಕೊಂಡು ಹೋಗ್ರಿ. ಯಾವಾಗ ಶುರುವಾಯಿತು, ಯಾವಾಗ ಹೆಚ್ಚಾಯಿತು ಅನ್ನೋದು ಒಂದು ನೋಟದಲ್ಲಿ ಕಂಡರೆ ಡಾಕ್ಟರಿಗೂ ಅನುಕೂಲ.

ನಿಮ್ಮ ಮನೆಯಲ್ಲಿ ಇಂಥ ಅನುಭವ ಆಗಿದ್ದರೆ ನಮಗೆ ಧ್ವನಿ ಸಂದೇಶ ಕಳಿಸ್ರಿ. ಹೆಸರು ಹೇಳದಿದ್ದರೂ ನಡೀತದೆ, ಎಷ್ಟು ತಿಂಗಳು ಹಿಡಿಯಿತು ಅನ್ನೋದನ್ನು ಮಾತ್ರ ಹೇಳ್ರಿ. ಮುಂದಿನ ಸಂಚಿಕೆ ಮಿರಜ್ ಆಸ್ಪತ್ರೆಗೆ ನಮ್ಮ ಭಾಗದ ಜನ ಎತ್ತಿನ ಗಾಡಿ ಕಟ್ಟಿಕೊಂಡು ಹೋಗ್ತಿದ್ದ ಕಾಲದ್ದು. ಹಿರಿಯರ ನೆನಪುಗಳನ್ನು ಕೂಡಿಸ್ತಾ ಇದ್ದೀನಿ. ಅಲ್ಲಿವರೆಗೆ ಆರಾಮ ಇರ್ರಿ.